ಇಂಗ್ಲಿಷ್ ಪಾಠದ ಜೊತೆ ಮಕ್ಕಳ ಮನಸ್ಸಿನ ಮಾತನ್ನೂ ಕೇಳೋಣ

ವಿಜಯಪುರದ ಸಮೀಪದ ತೊರವಿಯಲ್ಲಿ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯವಿದೆ. 2003ರಲ್ಲಿ ಆರಂಭವಾದ ಈ ವಿ.ವಿ. ಹೆಣ್ಣುಮಕ್ಕಳ ಉನ್ನತ ಶಿಕ್ಷಣಕ್ಕಾಗಿಯೇ ಇರುವುದು. ಆದರೆ ಅದೇ ಊರಿನ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಅಲ್ಲಿಗೆ ತಲುಪಬೇಕಾದರೆ ಮೊದಲು ಹತ್ತನೇ ತರಗತಿಯ ಇಂಗ್ಲಿಷ್ ಪರೀಕ್ಷೆ ದಾಟಬೇಕು. ಎಷ್ಟೋ ಮಕ್ಕಳ ಓದು ಅಲ್ಲಿಯೇ ನಿಂತುಹೋಗುತ್ತದೆ.

ಇದು ದೂರದ ಊರಿನ ಸಮಸ್ಯೆ ಎಂದು ನಾವು ಸುಮ್ಮನಿರುವಂತಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯಿಂದ ಕೂಲಿ ಕೆಲಸಕ್ಕಾಗಿ ಮಂಗಳೂರು, ಉಡುಪಿಗೆ ಬಂದ ಅನೇಕ ಕುಟುಂಬಗಳ ಮಕ್ಕಳು ನಮ್ಮ ಅಕ್ಕಪಕ್ಕದ ಶಾಲೆಗಳಲ್ಲೇ ಕಲಿಯುತ್ತಿದ್ದಾರೆ. ‘ನನಗ ಬರೂದಿಲ್ರಿ’ ಎಂದರೆ ಅವರ ಕನ್ನಡಕ್ಕೇ ಇಲ್ಲಿ ನಗುವವರಿದ್ದಾರೆ. ಇನ್ನು ಇಂಗ್ಲಿಷ್ ತಪ್ಪಿದರೆ ಕೇಳುವುದೇ ಬೇಡ. ಹೀಗೆ ನಗೆಗೀಡಾದ ಮಗು ಕೊನೆಗೆ ಬಾಯಿಯನ್ನೇ ತೆರೆಯುವುದಿಲ್ಲ.

ಸರಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಆದರೂ ಭಯ ಹೋಗಿಲ್ಲ. ಮಕ್ಕಳ ಹೆಚ್ಚಿನ ತಪ್ಪುಗಳು ದಡ್ಡತನದಿಂದ ಆಗುವುದಿಲ್ಲ, ಎರಡು ಭಾಷೆಗಳ ವ್ಯತ್ಯಾಸದಿಂದ ಆಗುತ್ತವೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ನಂತರ. ‘ಹೋದೆ’ ಎಂದರೆ ಕನ್ನಡದಲ್ಲಿ ಸಾಕು. ಇಂಗ್ಲಿಷಿನಲ್ಲಿ ‘ಐ’ ಬೇಕೇ ಬೇಕು. ‘ಎ’, ‘ದಿ’ಗಳಿಗೆ ಸಮನಾದ ಪದಗಳು ನಮ್ಮಲ್ಲಿಲ್ಲ. ನಾವು ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ‘ಬಟ್’ ಮತ್ತು ‘ಪುಟ್’ ಒಂದೇ ಸ್ವರಾಕ್ಷರ ಬಳಸಿದರೂ ಉಚ್ಚಾರ ಬೇರೆ. ಇದನ್ನು ಕನ್ನಡದಲ್ಲೇ ವಿವರಿಸಿದರೆ ಮಗುವಿಗೆ ಅರ್ಧ ಧೈರ್ಯ ಬರುತ್ತದೆ.

ನಮ್ಮ ವಾಳೆಯ ಗುರಿಕಾರರು, ಐಸಿವೈಎಂ ಯುವಜನರು, ನಿವೃತ್ತ ಶಿಕ್ಷಕರು ವಾರಕ್ಕೆರಡು ಸಂಜೆ ಮಕ್ಕಳ ಜೊತೆ ಕುಳಿತುಕೊಳ್ಳಬಹುದು. ಪಾಠದ ಒಂದು ಪ್ಯಾರಾ ಗಟ್ಟಿಯಾಗಿ ಓದಿಸಿ, ಐದು ಹೊಸ ಪದ ಬರೆಸಿ, ಆ ದಿನ ನಡೆದದ್ದರ ಬಗ್ಗೆ ಮೂರು ವಾಕ್ಯ ಹೇಳಿಸಿ. ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ. ಬೇರೆ ಮಕ್ಕಳೊಂದಿಗೆ ಹೋಲಿಸಬೇಡಿ. ಹೆತ್ತವರಿಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ; ಮಗು ಓದುವಾಗ ಪಕ್ಕದಲ್ಲಿ ಕುಳಿತರೆ ಅದೂ ದೊಡ್ಡ ಸಹಾಯವೇ.

ಹೋಮ್‌ವರ್ಕ್ ತಪ್ಪಿಸುವ ಮಗುವನ್ನು ಕೂಡಲೇ ಸೋಮಾರಿ ಎನ್ನಬೇಡಿ. ಹದಿಹರೆಯದಲ್ಲಿ ದೇಹದ ಬದಲಾವಣೆ, ಗೆಳೆಯರ ಗೇಲಿ, ಮೊಬೈಲ್‌ನಲ್ಲಿ ಬರುವ ಬೆದರಿಕೆ, ಮನೆಯ ಜಗಳ, ಬೇಗ ಮದುವೆ ಮಾಡುತ್ತಾರೆಂಬ ಭಯ, ಇವೆಲ್ಲ ಪುಸ್ತಕದ ಹಿಂದೆ ಅಡಗಿರುತ್ತವೆ. ಆ ದಿನದ ಮೂರು ವಾಕ್ಯ ಹೇಳುವಾಗಲೇ ಮಗು ಒಮ್ಮೊಮ್ಮೆ ನಿಜವಾದ ನೋವನ್ನು ಹೇಳಿಬಿಡುತ್ತದೆ. ಆಗ ವ್ಯಾಕರಣ ಬದಿಗಿಟ್ಟು ಕಿವಿಗೊಡಬೇಕು.

ಪಾಠ ಎಲ್ಲರಿಗೂ ಕಾಣುವ ಜಾಗದಲ್ಲಿ, ಇಬ್ಬರು ಹಿರಿಯರ ಸಮ್ಮುಖದಲ್ಲಿ ನಡೆಯಲಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತೊಂದರೆಯಲ್ಲಿರುವ ಮಕ್ಕಳಿಗೆ 1098, ಮನಸ್ಸಿನ ಸಂಕಟಕ್ಕೆ ಟೆಲಿ ಮನಸ್‌ನ 14416 ಸಹಾಯವಾಣಿಗಳಿವೆ. ಕರೆ ಉಚಿತ.

ಅಂಕ ಕಡಿಮೆಯಾದರೆ ಪರೀಕ್ಷೆಯನ್ನು ಮತ್ತೆ ಬರೆಯಬಹುದು. ನಾಚಿಕೆಯಿಂದ ಶಾಲೆ ಬಿಟ್ಟ ಮಗುವನ್ನು ಮರಳಿ ಕರೆತರುವುದು ಬಹಳ ಕಷ್ಟ. ಈ ವಾರವೇ ನಮ್ಮ ವಾಳೆಯ ಒಂದು ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳೋಣವೇ?