ಮೇಪಲ್ ನೆಲಹಾಸು: ಗಡಸುತನವೊಂದೇ ಸಾಲದು

ನಮ್ಮಲ್ಲಿ ಮನೆಯ ನೆಲಕ್ಕೆ ಕಲ್ಲು, ಗಾರೆ, ಟೈಲ್ಸ್ ರೂಢಿಯಾದಂತೆ, ಉತ್ತರ ಅಮೆರಿಕದ ಚಳಿನಾಡುಗಳಲ್ಲಿ ಮರದ ನೆಲಹಾಸು ರೂಢಿಯಾಗಿದೆ. ಅದಕ್ಕೆ ಬಳಸುವ ಮರಗಳಲ್ಲಿ ಮೇಪಲ್‌ಗೆ ವಿಶಿಷ್ಟ ಸ್ಥಾನವುಂಟು. ಮೇಪಲ್‌ನಲ್ಲಿ ಹಲವು ಜಾತಿಗಳಿದ್ದರೂ ನೆಲಹಾಸಿಗೆ ಶ್ರೇಷ್ಠವೆನಿಸಿರುವುದು ಸಕ್ಕರೆ ಮೇಪಲ್. ಸಿಹಿಯಾದ ಮೇಪಲ್ ಪಾಕವನ್ನು ಹೆಚ್ಚಾಗಿ ತಯಾರಿಸುವುದೂ ಇದೇ ಮರದ ರಸದಿಂದ.

ತೇಗದಲ್ಲಿ ನಾವು ಅರಸುವುದು ಒಳಗಿನ ಚೇಗನ್ನು. ಮೇಪಲ್‌ನ ರೀತಿ ಬೇರೆ. ಇದರ ಹೊರಭಾಗದ ಕೆನೆಬಣ್ಣದ ಬಿಳಿ ಮರವೇ ನೆಲಹಾಸಿಗೆ ಹೆಚ್ಚು ಮೆಚ್ಚುಗೆಯಾದುದು. ಒಳಗಿನ ಚೇಗು ಕೆಂಪುಮಿಶ್ರಿತ ಕಂದು. ರಂಧ್ರಗಳು ಅತಿ ಸೂಕ್ಷ್ಮವಾಗಿರುವುದರಿಂದ ಮೈ ನುಣುಪಾಗಿರುತ್ತದೆ.

ಮರದ ಗಡಸುತನವನ್ನು ಜಾಂಕಾ ಪರೀಕ್ಷೆಯಿಂದ ಅಳೆಯುತ್ತಾರೆ. ಉಕ್ಕಿನ ಗುಂಡೊಂದನ್ನು ಅರ್ಧದಷ್ಟು ಮರದೊಳಗೆ ಇಳಿಸಲು ಬೇಕಾಗುವ ಬಲವೇ ಇದರ ಅಳತೆ. ಕೆಂಪು ಓಕ್‌ಗೆ ಇದು 1290 ಪೌಂಡ್ ಆದರೆ ಸಕ್ಕರೆ ಮೇಪಲ್‌ಗೆ 1450 ಪೌಂಡ್. ಬಾಸ್ಕೆಟ್‌ಬಾಲ್ ಅಂಗಣಗಳಿಗೆ ಈ ಮರವನ್ನೇ ಹೆಚ್ಚಾಗಿ ಆರಿಸುವುದಕ್ಕೆ ಇದೂ ಒಂದು ಕಾರಣ. ಆದರೆ ಕೆಂಪು ಮೇಪಲ್‌ನ ಬಲ ಕೇವಲ 950 ಪೌಂಡ್. ಆದುದರಿಂದ ಮೇಪಲ್ ಎಂಬ ಹೆಸರೊಂದನ್ನೇ ಕೇಳಿ ಕೊಳ್ಳದೆ, ಯಾವ ಮೇಪಲ್ ಎಂದು ವಿಚಾರಿಸುವುದು ವಿವೇಕ.

ಗಡಸಾದ ಮರ ಅಲುಗದೆಂದು ಭಾವಿಸುವುದು ತಪ್ಪು. ಹಸಿ ಮರ ಪೂರ್ಣವಾಗಿ ಒಣಗುವಾಗ ಸಕ್ಕರೆ ಮೇಪಲ್ ವಾರ್ಷಿಕ ಉಂಗುರಗಳ ಗುಂಟ ಶೇಕಡಾ 9.9ರಷ್ಟು ಕುಗ್ಗುತ್ತದೆ, ತೇಗ ಕುಗ್ಗುವುದು ಶೇಕಡಾ 6ರ ಆಸುಪಾಸು ಮಾತ್ರ. ಹಾಸಿದ ಮೇಲೂ ಈ ಗುಣ ಬಿಡದು. ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಾಗಿಸಿದಾಗ ಗಾಳಿ ಒಣಗಿ ಹಲಗೆಗಳ ನಡುವೆ ಸಂದು ಬಿಡುತ್ತದೆ. ತೇವ ಹೆಚ್ಚಿದಾಗ ಹಲಗೆಗಳು ಒಂದನ್ನೊಂದು ಒತ್ತಿ ನೆಲ ಉಬ್ಬುವುದೂ ಉಂಟು.

ಇದಕ್ಕೆ ಪರಿಹಾರವಿಲ್ಲದಿಲ್ಲ. ಸಾಮಾನ್ಯವಾಗಿ ಶೇಕಡಾ 6ರಿಂದ 9ರವರೆಗೆ ತೇವಾಂಶವಿರುವಂತೆ ಒಣಗಿಸಿದ ಹಲಗೆಗಳನ್ನು, ಹಾಸುವ ಮುನ್ನ ಆ ಕೋಣೆಯ ಹವೆಗೆ ಹೊಂದಿಕೊಳ್ಳಲು ಬಿಡಬೇಕು. ಗೋಡೆಯ ಅಂಚಿನಲ್ಲಿ ಹಿಗ್ಗಲು ಸ್ಥಳವಿರಬೇಕು. ಸ್ನಾನದ ಮನೆಗೆ ಇದು ಸಲ್ಲದು. ನೀರು ಸುರಿದು ತೊಳೆಯುವ ಅಭ್ಯಾಸವೂ ಕೂಡದು.

ಬಣ್ಣದ ವಿಷಯದಲ್ಲೂ ಎಚ್ಚರ ಅಗತ್ಯ. ಗಾಢ ಬಣ್ಣ ಬಳಿದರೆ ಈ ಮರ ಅದನ್ನು ಸಮನಾಗಿ ಹೀರದೆ ಮಚ್ಚೆಮಚ್ಚೆಯಾಗುತ್ತದೆ. ಸಹಜ ವರ್ಣದಲ್ಲಿಯೇ ಉಳಿಸುವುದು ಲೇಸು. ವರ್ಷಗಳು ಕಳೆದಂತೆ ಬೆಳಕಿಗೆ ಅದು ಹೊಂಬಣ್ಣಕ್ಕೆ ತಿರುಗುತ್ತದೆ. ಚಾಪೆಯ ಕೆಳಗಿನ ಭಾಗ ಮಾತ್ರ ಬಿಳುಪಾಗಿ ಉಳಿಯುವುದರಿಂದ ಆಗಾಗ್ಗೆ ಅದರ ಸ್ಥಳ ಬದಲಿಸಬೇಕು.

ಮುಕ್ಕಾಲು ಅಂಗುಲ ದಪ್ಪದ ಅಖಂಡ ಹಲಗೆಯನ್ನು ಸವೆದಾಗ ಉಜ್ಜಿ ಮತ್ತೆ ಮತ್ತೆ ಹೊಸತಾಗಿಸಬಹುದು. ಮರದ ಗುಣವರಿತು ನಡೆಸಿಕೊಂಡರೆ ಒಮ್ಮೆ ಮಾಡಿದ ವೆಚ್ಚ ಮುಂದಿನ ತಲೆಮಾರಿಗೂ ಒದಗುತ್ತದೆ.