ದುರಸ್ತಿಗಾರನ ಯುಕ್ತಿ

ಬೆಂಗಳೂರಿನ ಉತ್ತರಕ್ಕೆ, ಯಶವಂತಪುರದಿಂದ ಯಲಹಂಕದ ಕಡೆಗೆ ಸಾಗುವ ರೈಲುಮಾರ್ಗದಲ್ಲಿ, ಕೊಡಿಗೇಹಳ್ಳಿ ಎಂಬ ಪುಟ್ಟ ನಿಲ್ದಾಣವಿದೆ. ಇಂದು ಅದರ ಸುತ್ತ ಬಡಾವಣೆಗಳು ಒತ್ತೊತ್ತಾಗಿ ಬೆಳೆದು ನಿಂತಿವೆ. ಎರಡು ತಲೆಮಾರುಗಳ ಹಿಂದೆ ಅದು ನಗರದ ಅಂಚಿನಾಚೆಯ ಹಳ್ಳಿ. ಅದರ ಒಂದು ಮಗ್ಗುಲಿನ ಜಾಲಹಳ್ಳಿಯಲ್ಲಿ 1950ರ ದಶಕದಲ್ಲಿ ಎಚ್.ಎಂ.ಟಿ. ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ತಲೆಯೆತ್ತಿದವು. ಇನ್ನೊಂದು ಮಗ್ಗುಲಿನ ಹೆಬ್ಬಾಳದಲ್ಲಿ 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಆರಂಭವಾಯಿತು. ಕಾರ್ಖಾನೆಯಿದ್ದಲ್ಲಿ ಕಚೇರಿಯಿರಬೇಕು, ಕಚೇರಿಯಿದ್ದಲ್ಲಿ ಗುಮಾಸ್ತರಿರಬೇಕು, ಗುಮಾಸ್ತರ ಮುಂದೆ ಬೆರಳಚ್ಚು ಯಂತ್ರವಿರಬೇಕು. ಹೊಲದ ಬದುವಿನಿಂದ ಕಚೇರಿಯ ಕುರ್ಚಿಗೆ ಏರಬಯಸಿದ ತರುಣ ತರುಣಿಯರಿಗೆ ಬೆರಳಚ್ಚು ಶಾಲೆ ಒಂದು ಮೆಟ್ಟಿಲಾಯಿತು. ಹತ್ತನೆಯ ತರಗತಿ ಮುಗಿಸಿದವರು ಸಂಜೆ ಒಂದು ಗಂಟೆ ಅಲ್ಲಿ ಕುಳಿತು ಕೀಲಿಗಳನ್ನು ಕುಟ್ಟಿ, ಕಿರಿಯ ದರ್ಜೆ, ಹಿರಿಯ ದರ್ಜೆಯ ಪರೀಕ್ಷೆಗಳಿಗೆ ಸಿದ್ಧರಾಗುತ್ತಿದ್ದರು.

ಇಂತಹ ಶಾಲೆಗಳಲ್ಲಿ ಹೊಸ ಯಂತ್ರಗಳು ವಿರಳ. ಯಾವುದೋ ಕಚೇರಿಯಲ್ಲಿ ದುಡಿದು ದಣಿದು, ಹರಾಜಿನಲ್ಲಿ ಬಿಕರಿಯಾಗಿ ಬಂದ ರೆಮಿಂಗ್ಟನ್, ಗೋದ್ರೆಜ್, ಹಾಲ್ಡಾ ಯಂತ್ರಗಳೇ ಹೆಚ್ಚು. ಕಚೇರಿಯಲ್ಲಿ ಒಂದು ಯಂತ್ರಕ್ಕೆ ಒಬ್ಬ ಬೆರಳಚ್ಚುಗಾರ. ಶಾಲೆಯಲ್ಲಿ ಗಂಟೆಗೊಬ್ಬ ವಿದ್ಯಾರ್ಥಿ, ಅದೂ ಬೆರಳು ಇನ್ನೂ ಪಳಗದವನು. ಯಂತ್ರ ಕೆಡುವುದು ಸಹಜ. ಅದು ಕೆಟ್ಟಾಗ ತಯಾರಕರ ಬಿಡಿಭಾಗಕ್ಕಾಗಿ ಹತ್ತು ಹನ್ನೆರಡು ಕಿಲೋಮೀಟರು ದೂರದ ಪೇಟೆಗೆ ಹೋಗಬೇಕು. ಹೋದರೂ ಅಲ್ಲಿ ಅದು ದೊರೆಯುವ ಭರವಸೆಯಿಲ್ಲ. ಪರೀಕ್ಷೆಯಾದರೋ ನಾಳಿದ್ದು! ಈ ಇಕ್ಕಟ್ಟಿನಲ್ಲಿ ಕರೆ ಹೋಗುತ್ತಿದ್ದುದು ದುರಸ್ತಿಗಾರನಿಗೆ. ಸೈಕಲ್ಲಿನ ಹ್ಯಾಂಡಲಿಗೆ ಚರ್ಮದ ಚೀಲವನ್ನು ತೂಗುಹಾಕಿಕೊಂಡು ಬರುತ್ತಿದ್ದ ಅವನು ಚೀಲದಲ್ಲಿ ಇಲ್ಲದ ವಸ್ತುವಿನಿಂದಲೂ ಯಂತ್ರವನ್ನು ನಡೆಸಿಕೊಡಬೇಕಾಗಿತ್ತು.

ಅವನ ಯುಕ್ತಿಯನ್ನು ಅರಿಯಬೇಕಾದರೆ ಯಂತ್ರದ ಅಂಗರಚನೆಯನ್ನು ಸ್ವಲ್ಪ ತಿಳಿಯಬೇಕು. ಅಮೆರಿಕದ ಕ್ರಿಸ್ಟೋಫರ್ ಷೋಲ್ಸ್ ಮತ್ತು ಅವನ ಸಂಗಡಿಗರು 1868ರಲ್ಲಿ ಹಕ್ಕುಪತ್ರ ಪಡೆದ ಯಂತ್ರವನ್ನು ರೆಮಿಂಗ್ಟನ್ ಸಂಸ್ಥೆ 1874ರಲ್ಲಿ ಮಾರುಕಟ್ಟೆಗೆ ತಂದಿತು. ಮುಂದೆ ಅದು ಎಷ್ಟೋ ರೂಪಾಂತರಗಳನ್ನು ಕಂಡರೂ ಮೂಲತತ್ತ್ವ ಬದಲಾಗಲಿಲ್ಲ. ಕೀಲಿಯನ್ನು ಒತ್ತಿದರೆ ಸನ್ನೆಗೋಲುಗಳ ಮೂಲಕ ಒಂದು ಲೋಹದ ತೋಳು ಮೇಲೆದ್ದು, ಮಸಿಯ ಪಟ್ಟಿಯ ಮೇಲೆ ಬಡಿದು, ರಬ್ಬರು ಉರುಳೆಗೆ ಸುತ್ತಿದ ಕಾಗದದ ಮೇಲೆ ಅಕ್ಷರವನ್ನು ಮೂಡಿಸುತ್ತದೆ. ಉರುಳೆಯನ್ನು ಹೊತ್ತ ಬಂಡಿಯನ್ನು ಒಂದು ಸುರುಳಿ ಸ್ಪ್ರಿಂಗು ಸದಾ ಎಡಕ್ಕೆ ಎಳೆಯುತ್ತಿರುತ್ತದೆ. ಸ್ಪ್ರಿಂಗಿನ ಡಬ್ಬಿಗೂ ಬಂಡಿಗೂ ನಡುವೆ ಇರುವುದು ಒಂದು ಕಿರಿದಾದ ಪಟ್ಟಿ ಅಥವಾ ದಾರ. ಬಂಡಿ ಒಮ್ಮೆಲೇ ಓಡಿಹೋಗದಂತೆ ಹಲ್ಲಿನ ಚಕ್ರವೊಂದು ತಡೆಯುತ್ತದೆ. ಪ್ರತಿ ಅಕ್ಷರಕ್ಕೂ ಅದು ಒಂದೇ ಹಲ್ಲಿನಷ್ಟು ಜಾಗ ಬಿಡುತ್ತದೆ. ಸಾಮಾನ್ಯ ಇಂಗ್ಲಿಷ್ ಯಂತ್ರದಲ್ಲಿ ಒಂದು ಅಂಗುಲಕ್ಕೆ 10 ಅಥವಾ 12 ಹೆಜ್ಜೆ. ಗಡಿಯಾರದಲ್ಲಿ ಕಾಲವನ್ನು ತುಂಡರಿಸುವ ಉಪಾಯವೇ ಇಲ್ಲಿ ಸಾಲನ್ನು ತುಂಡರಿಸುತ್ತದೆ.

ಹೀಗೆ ನೋಡಿದಾಗ ಯಂತ್ರದ ಬಹುಭಾಗ ಉಕ್ಕು. ಅದು ಸುಲಭವಾಗಿ ಸಾಯುವುದಿಲ್ಲ. ಸಾಯುವುದು ರಬ್ಬರು, ದಾರ, ಮಸಿಪಟ್ಟಿ, ಸಣ್ಣ ಸ್ಪ್ರಿಂಗು ಇವು. ಮೃದುವಾದುದೇ ಮೊದಲು ಸವೆಯುತ್ತದೆ. ಅದೃಷ್ಟವೆಂದರೆ, ಮೃದುವಾದ ವಸ್ತುಗಳೇ ಊರಿನಲ್ಲಿ ಎಲ್ಲೆಡೆಯೂ ದೊರೆಯುವಂಥವು. ದುರಸ್ತಿಗಾರನ ಕೈಚಳಕವೆಲ್ಲ ನಿಂತಿದ್ದುದು ಈ ಒಂದು ಸಂಗತಿಯ ಮೇಲೆ.

ಬಂಡಿಯ ದಾರ ತುಂಡಾದರೆ ಯಂತ್ರ ಒಂದೇ ಜಾಗದಲ್ಲಿ ಅಕ್ಷರದ ಮೇಲೆ ಅಕ್ಷರ ಕುಟ್ಟುತ್ತ ನಿಲ್ಲುತ್ತದೆ. ಮೀನು ಹಿಡಿಯುವ ನೈಲಾನ್ ದಾರವೋ, ಚಪ್ಪಲಿ ಹೊಲಿಯುವ ಮೇಣದ ನೂಲೋ ಸಿಕ್ಕರೆ ಆ ಕೆಲಸ ಅರ್ಧ ಗಂಟೆಯದು. ದಾರ ಕಟ್ಟುವುದು ಸುಲಭ, ಡಬ್ಬಿಯನ್ನು ಎಷ್ಟು ಸುತ್ತು ತಿರುಗಿಸಿ ಬಿಗಿಯಬೇಕೆಂಬ ಅಂದಾಜು ಕಠಿಣ. ಬಿಗಿ ಹೆಚ್ಚಾದರೆ ಬಂಡಿ ಧಾವಿಸಿ ಅಕ್ಷರಗಳ ನಡುವೆ ಹಲ್ಲು ಹಾರುತ್ತದೆ. ಕಡಮೆಯಾದರೆ ಸಾಲಿನ ಕೊನೆಯಲ್ಲಿ, ಗಂಟೆ ಬಾರಿಸುವ ಹೊತ್ತಿಗೆ, ಬಂಡಿ ಕುಂಟತೊಡಗುತ್ತದೆ. ಕಾಗದವನ್ನು ಉರುಳೆಗೆ ಒತ್ತಿ ಹಿಡಿಯುವ ಸಣ್ಣ ಉರುಳೆಗಳ ರಬ್ಬರು ಸವೆದರೆ ಕಾಗದ ಓರೆಯಾಗಿ ಸರಿಯುತ್ತದೆ. ಅದಕ್ಕೆ ಸೈಕಲ್ಲಿನ ಟ್ಯೂಬಿನ ತುಂಡನ್ನು ಅಳತೆಗೆ ಕತ್ತರಿಸಿ ತೊಡಿಸುವುದುಂಟು. ದೊಡ್ಡ ಉರುಳೆ ವರ್ಷಾಂತರದಲ್ಲಿ ಕಲ್ಲಿನಂತೆ ಗಡುಸಾದಾಗ ಅಕ್ಷರಗಳು ಕಾಗದವನ್ನು ಚುಚ್ಚುತ್ತವೆ. ಪೂರ್ಣವಿರಾಮವಿದ್ದಲ್ಲೆಲ್ಲ ತೂತು ಬೀಳುತ್ತದೆ. ಉಪ್ಪುಕಾಗದದಿಂದ ಮೇಲ್ಪದರವನ್ನು ನಯವಾಗಿ ಉಜ್ಜುವುದು ಒಂದು ಉಪಾಯ. ಅದಕ್ಕೂ ಬಗ್ಗದಿದ್ದರೆ, ಬರೆಯುವ ಹಾಳೆಯ ಹಿಂದೆ ಇನ್ನೊಂದು ದಪ್ಪ ಹಾಳೆಯನ್ನು ಸೇರಿಸಿ ಕುಟ್ಟು ಎಂಬ ಸಲಹೆ! ಬಿಡಿಭಾಗವೇ ಇಲ್ಲದ ದುರಸ್ತಿ ಅದು, ಒಂದು ಕಾಸಿನ ಖರ್ಚೂ ಇಲ್ಲ. ಒಣಗಿದ ಮಸಿಪಟ್ಟಿಗೆ ಎರಡು ಹನಿ ತೆಳು ಎಣ್ಣೆ ಸವರಿ ಡಬ್ಬಿಯಲ್ಲಿ ಮುಚ್ಚಿಟ್ಟರೆ ಮಸಿ ಮತ್ತೆ ಹರಡಿಕೊಂಡು ಇನ್ನಷ್ಟು ದಿನ ಒದಗುತ್ತದೆ. ಕಳಚಿಹೋದ ಪುಟ್ಟ ಸ್ಪ್ರಿಂಗಿನ ಜಾಗಕ್ಕೆ ಬಾಲ್‌ಪೆನ್ನಿನ ಸ್ಪ್ರಿಂಗನ್ನು ಕತ್ತರಿಸಿ, ತುದಿಯನ್ನು ಕೊಕ್ಕೆ ಮಾಡಿ ಸಿಕ್ಕಿಸಬಹುದು. ಆದರೆ ಅದು ಒತ್ತುವುದಕ್ಕೆಂದು ಹುಟ್ಟಿದ ಸ್ಪ್ರಿಂಗು, ಎಳೆಯುವುದಕ್ಕಲ್ಲ. ಹೆಚ್ಚು ದಿನ ಬಾಳದು.

ಕನ್ನಡದ ಯಂತ್ರದ ಕಷ್ಟಗಳು ಬೇರೆ ಬಗೆಯವು. ಕೆ. ಅನಂತಸುಬ್ಬರಾಯರು ಕನ್ನಡಕ್ಕೆ ಹೊಂದುವ ಕೀಲಿಮಣೆಯನ್ನು ರೂಪಿಸಿದವರು. ನಮ್ಮ ಲಿಪಿಯ ಕಾಗುಣಿತ, ಒತ್ತಕ್ಷರಗಳ ಸಮೃದ್ಧಿಯನ್ನು ತೊಂಬತ್ತರಷ್ಟು ಅಚ್ಚುಗಳಲ್ಲಿ ಅಡಕಗೊಳಿಸುವುದು ಸಾಮಾನ್ಯ ಸಾಹಸವಲ್ಲ. 1963ರಲ್ಲಿ ರಾಜ್ಯದ ಆಡಳಿತಭಾಷಾ ಅಧಿನಿಯಮ ಬಂದ ಮೇಲೆ ಕನ್ನಡ ಯಂತ್ರಕ್ಕೆ ಕಚೇರಿಗಳಲ್ಲಿ ಸ್ಥಾನ ದೊರೆಯುತ್ತ ಹೋಯಿತು. ಈ ಯಂತ್ರದಲ್ಲಿ ಕೆಲವು ಕೀಲಿಗಳು ಅಚ್ಚನ್ನು ಮೂಡಿಸುತ್ತವೆ, ಆದರೆ ಬಂಡಿಯನ್ನು ಮುಂದಕ್ಕೆ ಬಿಡುವುದಿಲ್ಲ. ಆದುದರಿಂದಲೇ ಒಂದು ಚಿಹ್ನೆ ಇನ್ನೊಂದರ ಅಡಿಗೋ ಮುಡಿಗೋ ಕೂಡಿಕೊಳ್ಳಲು ಸಾಧ್ಯ. ಇಂತಹ ಕೀಲಿಯ ತೋಳು ಚೂರು ಬಾಗಿ, ಮುಟ್ಟಬಾರದ ಸಲಾಕೆಯನ್ನು ಮುಟ್ಟಿಬಿಟ್ಟರೆ ಬಂಡಿ ಒಂದು ಹೆಜ್ಜೆ ಸರಿಯುತ್ತದೆ. ಒತ್ತಕ್ಷರ ತನ್ನ ಮೂಲಾಕ್ಷರವನ್ನು ಬಿಟ್ಟು ಅನಾಥವಾಗಿ ಪಕ್ಕದಲ್ಲಿ ಬೀಳುತ್ತದೆ. ಇಂಗ್ಲಿಷ್ ಯಂತ್ರದಲ್ಲಿ ಪಳಗಿದ ದುರಸ್ತಿಗಾರನೂ ಇಲ್ಲಿ ತಡವರಿಸುವುದುಂಟು. ಇಕ್ಕಳ ಹಿಡಿಯುವ ಮುನ್ನ ಅವನು ನಾಲ್ಕಾರು ಸಂಯುಕ್ತಾಕ್ಷರಗಳನ್ನು ಕುಟ್ಟಿಸಿ ಓದಿ ನೋಡಬೇಕು. ಅಂದರೆ ಅವನಿಗೆ ಲೋಹದ ಜೊತೆಗೆ ಅಕ್ಷರವೂ ತಿಳಿದಿರಬೇಕಾಯಿತು.

ಕನ್ನಡಾಕ್ಷರಗಳ ದುಂಡುತನವೂ ಒಂದು ಸಮಸ್ಯೆಯೇ. ನೂರಾರು ಪ್ರತಿಗಳು ಬೇಕಾದಾಗ ಮೇಣ ಲೇಪಿಸಿದ ಸ್ಟೆನ್ಸಿಲ್ ಹಾಳೆಯನ್ನು, ಮಸಿಪಟ್ಟಿಯನ್ನು ಬದಿಗೆ ಸರಿಸಿ, ಬರಿಯ ಅಚ್ಚಿನಿಂದ ಕುಟ್ಟಿ, ಗೆಸ್ಟೆಟ್ನರ್ ಮಾದರಿಯ ನಕಲು ಯಂತ್ರಕ್ಕೆ ಏರಿಸುತ್ತಿದ್ದರು. ಬಲವಾಗಿ ಕುಟ್ಟಿದರೆ ಸೊನ್ನೆಯ ಸುತ್ತಳತೆಯೇ ಕತ್ತರಿಸಿ ಒಳಗಿನ ಬಿಲ್ಲೆ ಕಳಚಿಬೀಳುತ್ತದೆ. ಪ್ರತಿಯಲ್ಲಿ ಸೊನ್ನೆಯ ಬದಲು ಕರಿಯ ಬೊಟ್ಟು! ಹಾಳೆಯ ಮೇಲೆ ತೆಳುವಾದ ಪಾರದರ್ಶಕ ಪದರವನ್ನು ಹಾಸಿ ಕುಟ್ಟುವುದು ಇದಕ್ಕೆ ಮದ್ದು. ಕಿತ್ತ ಮೇಣ ಅಚ್ಚುಗಳ ಹೊಟ್ಟೆಯಲ್ಲಿ ಸೇರಿಕೊಂಡಾಗ ಗುಂಡುಸೂಜಿಯೂ, ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಕುಂಚವೂ ಸಾಕು. ತಪ್ಪಿದ ಅಕ್ಷರವನ್ನು ಮುಚ್ಚುವ ದ್ರಾವಣ ಮುಗಿದಿದ್ದರೆ ಉಗುರಿಗೆ ಹಚ್ಚುವ ಬಣ್ಣವೇ ಆ ಹೊತ್ತಿಗೆ ದ್ರಾವಣ.

ಬಿಡಿಭಾಗದ ಬರ ಶಾಲೆಗಳಿಗಷ್ಟೇ ಸೀಮಿತವಾಗಿರಲಿಲ್ಲ. 1978ರಲ್ಲಿ ಐ.ಬಿ.ಎಂ. ಸಂಸ್ಥೆ ಭಾರತದಲ್ಲಿನ ತನ್ನ ವ್ಯವಹಾರವನ್ನು ಮುಚ್ಚಿ ಹೊರಟಾಗ, ದೇಶದ ಹಲವು ಕಚೇರಿಗಳಲ್ಲಿದ್ದ ಅದರ ಯಂತ್ರಗಳನ್ನು ನಡೆಸಿಕೊಂಡು ಹೋಗುವ ಹೊಣೆ ಸರ್ಕಾರಿ ಸ್ವಾಮ್ಯದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ನಿನ ಮೇಲೆ ಬಿತ್ತು. ತಾವು ತಯಾರಿಸದ ಯಂತ್ರಗಳನ್ನು ಬದುಕಿಸಿಕೊಳ್ಳುವುದೇ ಅದರ ಕೆಲಸವಾಯಿತು. ದೊಡ್ಡ ಯಂತ್ರಕ್ಕೆ ಒಂದು ಸರ್ಕಾರಿ ಸಂಸ್ಥೆಯೇ ಮಾಡಿದುದನ್ನು ಸಣ್ಣ ಯಂತ್ರಕ್ಕೆ ಸೈಕಲ್ಲಿನ ಮನುಷ್ಯನೊಬ್ಬನು ಮಾಡುತ್ತಿದ್ದನು.

ಹೀಗೆಂದು ಎಲ್ಲ ತಾತ್ಕಾಲಿಕ ದುರಸ್ತಿಯನ್ನೂ ಹೊಗಳುವಂತಿಲ್ಲ. ಜಾಣತನವೆಂದು ಮೆಚ್ಚಿಕೊಳ್ಳುವ ಎಷ್ಟೋ ಕೆಲಸಗಳು ಕೆಡುಕಿನವು. ಅಕ್ಷರವೊಂದು ಸಾಲಿನಿಂದ ಮೇಲೆ ಬೀಳುತ್ತಿದ್ದರೆ ತೋಳನ್ನು ಇಕ್ಕಳದಿಂದ ತಿರುಚಿ ಸರಿಮಾಡುವವರಿದ್ದಾರೆ. ಎರಡು ಬಾರಿ ತಿರುಚಿದ ಲೋಹ ಮೂರನೆಯ ಬಾರಿಗೆ ಮುರಿಯುತ್ತದೆ. ಸವೆದ ಹಲ್ಲಿಗೆ ಬೆಸುಗೆ ಹಾಕಿ ಒರಟಾಗಿ ಅರೆದವನು ಮುಂದೆ ಬರುವ ಒಳ್ಳೆಯ ದುರಸ್ತಿಗಾರನಿಗೂ ದಾರಿ ಮುಚ್ಚುತ್ತಾನೆ. ದಾರ ಕಟ್ಟಿದ್ದನ್ನು ಬಿಚ್ಚಬಹುದು, ಟ್ಯೂಬಿನ ತುಂಡನ್ನು ಕಳಚಬಹುದು; ಯಂತ್ರ ತನ್ನ ಮೊದಲಿನ ರೂಪಕ್ಕೆ ಮರಳಬಲ್ಲದು. ಬಿಚ್ಚಲಾಗದಂತೆ ಮಾಡಿದ ದುರಸ್ತಿ ತಾತ್ಕಾಲಿಕವೂ ಅಲ್ಲ, ಶಾಶ್ವತವೂ ಅಲ್ಲ. ಬೆರಳಚ್ಚು ಯಂತ್ರದ ಮಟ್ಟಿಗೆ ಈ ತಪ್ಪಿನ ನಷ್ಟ ಒಂದು ಯಂತ್ರದಷ್ಟೇ. ವಿದ್ಯುತ್ತು ಸೇರಿಕೊಂಡ ಮೇಲೆ ನಷ್ಟದ ಲೆಕ್ಕವೇ ಬೇರೆಯಾಯಿತು.

ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಒಣ ನಕಲಿನ ವಿಧಾನವನ್ನು ಸಾಧಿಸಿ ತೋರಿಸಿದನು. ಮುಂದೆ ಅದರಿಂದ ಹುಟ್ಟಿದ ಯಂತ್ರಗಳು, ಅವುಗಳ ಹಿಂದೆಯೇ ಗಣಕಯಂತ್ರದ ಮುದ್ರಕಗಳು, ಬೆಂಗಳೂರಿನ ಬೀದಿಬೀದಿಗೂ ಬಂದವು. ಹಳೆಯ ಯುಕ್ತಿಗಳಲ್ಲಿ ಕೆಲವು ಇಲ್ಲಿಯೂ ನಡೆಯುತ್ತವೆ. ಕಾಗದವನ್ನು ಎಳೆದುಕೊಳ್ಳುವ ರಬ್ಬರು ಗಾಲಿ ನುಣುಪಾಗಿ ಜಾರತೊಡಗಿದರೆ ಉಪ್ಪುಕಾಗದದಿಂದ ಒರಟುಮಾಡುವುದು ಅದೇ ಹಳೆಯ ಕೈಯ ಕೆಲಸ. ಆದರೆ ಸೂಜಿಗಳಿಂದ ಬಡಿದು ಅಕ್ಷರ ಮೂಡಿಸುವ ಮುದ್ರಕದ ಪಟ್ಟಿಗೆ ಮೊಹರಿನ ಶಾಯಿಯನ್ನು ಸುರಿದವನು ಮೋಸಹೋಗುತ್ತಾನೆ. ಆ ಪಟ್ಟಿಯ ಮಸಿ ಸೂಜಿಗಳಿಗೆ ಎಣ್ಣೆಯಂತೆಯೂ ಒದಗಬೇಕು. ಮೊಹರಿನ ಶಾಯಿಯಲ್ಲಿ ಆ ಗುಣವಿಲ್ಲ. ಹತ್ತು ರೂಪಾಯಿ ಉಳಿಸಹೋಗಿ ಸೂಜಿಗಳ ತಲೆಯೇ ಕಟ್ಟಿಕೊಳ್ಳುತ್ತದೆ.

ಇದಕ್ಕಿಂತ ಘೋರವಾದುದು ಇನ್ನೊಂದು. ನಕಲು ಯಂತ್ರದಲ್ಲಿ ಪುಡಿಮಸಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸಲು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ಉರುಳೆಯೊಂದಿರುತ್ತದೆ. ಶಾಖ ಮಿತಿ ಮೀರಿದರೆ ವಿದ್ಯುತ್ತನ್ನು ಕಡಿದುಹಾಕಲು ಅದರ ಬಳಿ ಒಂದು ಪುಟ್ಟ ಫ್ಯೂಸು. ಅದು ಉರಿದುಹೋದಾಗ ಯಂತ್ರ ನಿಲ್ಲುತ್ತದೆ. ಅಂಗಡಿಯ ಮುಂದೆ ಅರ್ಜಿ ಹಿಡಿದ ಜನ ಸಾಲುಗಟ್ಟಿರುತ್ತಾರೆ. ಫ್ಯೂಸಿನ ಜಾಗದಲ್ಲಿ ಒಂದು ತಂತಿಯ ತುಂಡು ಕಟ್ಟಿದರೆ ಯಂತ್ರ ಮರುಕ್ಷಣವೇ ನಡೆಯುತ್ತದೆ. ನೋಡುವವರಿಗೆ ಅದು ಬಂಡಿಯ ದಾರಕ್ಕೆ ನೈಲಾನ್ ಕಟ್ಟಿದಂತೆಯೇ ಕಾಣುತ್ತದೆ. ನೈಲಾನ್ ದಾರ ಸೋತರೆ ಬಂಡಿ ನಿಲ್ಲುತ್ತದೆ, ಅಷ್ಟೇ. ತಂತಿ ಸೋಲುವುದಿಲ್ಲ, ಅದು ಸೋಲದಿರುವುದೇ ಅಪಾಯ. ಶಾಖ ಏರುತ್ತ ಹೋದರೆ ತಡೆಯುವವರು ಯಾರೂ ಇಲ್ಲ, ಮಗ್ಗುಲಲ್ಲಿ ಕಾಗದದ ರಾಶಿ. ಎರಡೂ ಸಿಕ್ಕಿದ್ದನ್ನು ಕಟ್ಟಿ ನಡೆಸಿದ ಕೆಲಸಗಳೇ. ಒಂದನ್ನು ಮಾಡಿ ಇನ್ನೊಂದನ್ನು ಮಾಡೆನೆಂದು, ಕಾದು ನಿಂತ ಜನರ ಮುಂದೆ, ಗಿರಾಕಿಯನ್ನು ಕಳೆದುಕೊಳ್ಳುವ ಭಯದಲ್ಲಿಯೂ ಹೇಳಬಲ್ಲವನು ನಿಜವಾದ ದುರಸ್ತಿಗಾರ. ಅಂಥವನಿಗೆ ಆ ದಿನದ ಕೂಲಿ ಹೋಗುವುದೂ ಉಂಟು.

ಮುಂಬಯಿಯಲ್ಲಿ 1955ರಲ್ಲಿ ಬೆರಳಚ್ಚು ಯಂತ್ರದ ತಯಾರಿಕೆಗೆ ತೊಡಗಿದ್ದ ಗೋದ್ರೆಜ್ ಸಂಸ್ಥೆ 2009ರಲ್ಲಿ ಅದನ್ನು ನಿಲ್ಲಿಸಿತು. ಹೊಸ ಯಂತ್ರ ಹುಟ್ಟದಾದ ಮೇಲೆ ಹೊಸ ಬಿಡಿಭಾಗದ ಮಾತೆಲ್ಲಿ? ಉಳಿದ ಯಂತ್ರಗಳಿಗೆ ಸತ್ತ ಯಂತ್ರಗಳೇ ಅಂಗದಾನ ಮಾಡಬೇಕು. ಸಾದರ ಪತ್ರಪ್ಪ ರಸ್ತೆಯ ಹಳೆಯ ಸಾಮಾನಿನ ರಾಶಿಯಲ್ಲಾಗಲಿ, ಗುಜರಿಯ ಮೂಟೆಯಲ್ಲಾಗಲಿ ಸಿಕ್ಕ ತುಕ್ಕುಹಿಡಿದ ಒಂದು ಯಂತ್ರದಿಂದ ಇನ್ನೆರಡು ಯಂತ್ರಗಳು ನಡೆದಾವು. ಇತ್ತ ಹೊಸ ಮುದ್ರಕಗಳ ಮಸಿಯ ಡಬ್ಬಿಯಲ್ಲಿ, ಪುನಃ ತುಂಬಿದುದನ್ನು ಗುರುತಿಸಿ ತಿರಸ್ಕರಿಸುವ ಬಿಲ್ಲೆಗಳನ್ನು ತಯಾರಕರು ಇಡತೊಡಗಿದ್ದಾರೆ. ಅಲ್ಲಿ ದುರಸ್ತಿಗಾರನ ಎದುರಾಳಿ ಸವೆತವಲ್ಲ, ಬೇಕೆಂದೇ ಮುಚ್ಚಿದ ಬಾಗಿಲು.

ಗಡಿಯಾರ ದುರಸ್ತಿಮಾಡುವವರು ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ತಮಗಷ್ಟೇ ತಿಳಿಯುವ ಗುರುತನ್ನೋ ತಾರೀಖನ್ನೋ ಸೂಜಿಮೊನೆಯಿಂದ ಗೀಚುವುದುಂಟು. ಬೆರಳಚ್ಚು ಯಂತ್ರದವರಲ್ಲಿಯೂ ಕೆಲವರಿಗೆ ಈ ಅಭ್ಯಾಸವಿತ್ತು. ಮೇಲ್ಮುಚ್ಚಳವನ್ನು ತೆಗೆದರೆ ಒಳಗೆ ಸೀಸದ ಕಡ್ಡಿಯಲ್ಲಿ ಒಂದು ತಿಂಗಳು, ಒಂದು ವರ್ಷ, ಅದರ ಕೆಳಗೆ ‘ದಾರ ಹೊಸದು, ಉರುಳೆ ಬಾಕಿ’ ಎಂಬಂತಹ ಎರಡು ಮಾತು. ಮುಂದಿನ ಸಲ ಮುಚ್ಚಳ ತೆಗೆಯುವವನು ಅವನೇ ಆಗಿರಬಹುದು, ಬೇರೆಯವನೂ ಆಗಿರಬಹುದು.