ಸಾಲು ಹೆಕ್ಕುವ ಸೂತ್ರ

ಅಮೆರಿಕದ ಹೊಸ ಸಂವಿಧಾನವನ್ನು ಸಮರ್ಥಿಸಿ 1787-88ರಲ್ಲಿ ನ್ಯೂಯಾರ್ಕಿನಲ್ಲಿ 85 ಪ್ರಬಂಧಗಳು ಪ್ರಕಟವಾದವು. ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್ ಮತ್ತು ಜೇ. ಹಾಕಿಕೊಂಡ ಹೆಸರು ಮಾತ್ರ ‘ಪಬ್ಲಿಯಸ್’. ಇವುಗಳಲ್ಲಿ ಹನ್ನೆರಡು ಪ್ರಬಂಧಗಳು ಹ್ಯಾಮಿಲ್ಟನ್ನರವೋ ಮ್ಯಾಡಿಸನ್ನರವೋ ಎಂಬ ವಿವಾದ ಬಹುಕಾಲ ಉಳಿಯಿತು.

ಬೆಲ್ ಪ್ರಯೋಗಾಲಯದ ಲೀ ಮೆಕ್‌ಮಹನ್ ಈ ಪ್ರಬಂಧಗಳನ್ನು ಗಣಕಯಂತ್ರದಲ್ಲಿ ಪರಿಶೀಲಿಸಹೊರಟಾಗ ತೊಡಕೊಂದು ಎದುರಾಯಿತು. ಅಲ್ಲಿದ್ದ ‘ಎಡ್’ ಎಂಬ ತಂತ್ರಾಂಶಕ್ಕೆ ಅಷ್ಟೂ ಪಠ್ಯ ಒಮ್ಮೆಗೇ ಹಿಡಿಸುತ್ತಿರಲಿಲ್ಲ. ಆಗ ಸಹೋದ್ಯೋಗಿ ಕೆನ್ ಥಾಂಪ್ಸನ್ ಅದರೊಳಗಿನ ಹುಡುಕುವ ಭಾಗವನ್ನಷ್ಟೇ ಬೇರ್ಪಡಿಸಿ, ಒಂದೊಂದೇ ಸಾಲನ್ನು ಓದಿ ಬೇಕಾದದ್ದನ್ನು ಹೆಕ್ಕುವ ‘ಗ್ರೆಪ್’ ಒದಗಿಸಿದರು. 1973ರ ಯುನಿಕ್ಸ್ ನಾಲ್ಕನೇ ಆವೃತ್ತಿಯಲ್ಲಿ ಅದು ಸೇರಿತು.

ಗ್ರೆಪ್ ಬಳಸುವ ಸೂತ್ರಕ್ಕೆ ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಎಂದು ಹೆಸರು. ಇದರ ಮೂಲ ಇರುವುದು ಗಣಿತದಲ್ಲಿ. ನರಜಾಲದ ವರ್ತನೆಯನ್ನು ವಿವರಿಸಲು ಸ್ಟೀಫನ್ ಕ್ಲೇನಿ 1951ರಲ್ಲಿ ಇದನ್ನು ರೂಪಿಸಿದರು. 1968ರಲ್ಲಿ ಥಾಂಪ್ಸನ್ ಅದನ್ನು ಪಠ್ಯದ ಹುಡುಕಾಟಕ್ಕೆ ಅಳವಡಿಸುವ ವಿಧಾನವನ್ನು ಪ್ರಕಟಿಸಿದರು.

ಸೂತ್ರದ ಚಿಹ್ನೆಗಳು ಕೆಲವೇ. ‘^’ ಎಂದರೆ ಸಾಲಿನ ಆರಂಭ, ‘$’ ಎಂದರೆ ಕೊನೆ. ಚುಕ್ಕಿ ಯಾವುದಾದರೂ ಒಂದು ಸಂಕೇತಕ್ಕೆ ಹೊಂದುತ್ತದೆ; ‘*’ ತನ್ನ ಹಿಂದಿನದು ಎಷ್ಟು ಬಾರಿ ಬಂದರೂ, ಬಾರದಿದ್ದರೂ ಸರಿ ಎನ್ನುತ್ತದೆ. ಸಾಲಿಗೊಂದರಂತೆ ಊರುಗಳ ಪಟ್ಟಿಯಿದ್ದರೆ ‘^ಮ.*ರು$’ ಎಂಬ ಸೂತ್ರಕ್ಕೆ ಮೈಸೂರು, ಮಂಗಳೂರು, ಮದ್ದೂರು ಸಿಗುತ್ತವೆ, ಮಂಡ್ಯ ಸಿಗದು.

ಆದರೆ ಈ ಸೂತ್ರ ನೋಡುವುದು ಅರ್ಥವನ್ನಲ್ಲ, ಅಕ್ಷರಗಳ ಕ್ರಮವನ್ನು. ‘ಅಪಾನ್’ ಎಂಬ ಇಂಗ್ಲಿಷ್ ಪದವನ್ನು ಹ್ಯಾಮಿಲ್ಟನ್ ಧಾರಾಳವಾಗಿ ಬಳಸಿದರೆ, ಮ್ಯಾಡಿಸನ್ ಬಹಳ ವಿರಳವಾಗಿ ಬಳಸುತ್ತಿದ್ದರು. ಕರ್ತೃವನ್ನು ಗುರುತಿಸಲು ಇದು ಮುಖ್ಯ ಸುಳಿವು. ಇಂಗ್ಲಿಷಿನಲ್ಲಿ ‘ಅಪಾನ್’ ಪದದ ಕೊನೆಯ ಎರಡು ಅಕ್ಷರಗಳೇ ‘ಆನ್’. ಆದ್ದರಿಂದ ಬರೀ ‘ಆನ್’ ಹುಡುಕಿದವನಿಗೆ ‘ಅಪಾನ್’ ಇರುವ ಸಾಲುಗಳೂ ಬಂದು ಸೇರುತ್ತವೆ; ಎಣಿಕೆ ಕೆಡುತ್ತದೆ. ಪದದ ಎರಡೂ ಗಡಿಗಳನ್ನು ಸೂತ್ರದಲ್ಲೇ ಹೇಳಬೇಕು.

ಕನ್ನಡದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ನಮ್ಮ ಕಣ್ಣಿಗೆ ‘ಕನ್ನಡ’ ಮೂರಕ್ಷರ. ಯುನಿಕೋಡ್‌ನಲ್ಲಿ ಅದು ಕ, ನ, ವಿರಾಮ, ನ, ಡ ಎಂಬ ಐದು ಸಂಕೇತ. ಹೀಗಾಗಿ ‘^ಕ.ಡ$’ ಎಂದರೆ ಸಾಮಾನ್ಯವಾಗಿ ‘ಕಂಡ’ ಸಿಗುತ್ತದೆ, ‘ಕನ್ನಡ’ ಸಿಗದು. ಅದಕ್ಕೆ ಮೂರು ಚುಕ್ಕಿ ಬೇಕು. ಸಿಗದ ಸಾಲು ಪಠ್ಯದಲ್ಲೇ ಇಲ್ಲವೆಂದು ತಿಳಿದರೆ ಮೋಸಹೋದಂತೆ. ಯಂತ್ರ ಕೇಳಿದ್ದನ್ನಷ್ಟೇ ಕೊಡುತ್ತದೆ. ಸರಿಯಾಗಿ ಕೇಳುವ ಹೊಣೆ ಮನುಷ್ಯನದು.